ಟೈರ್ ದೀಪ ಹೇಳುವುದೆಷ್ಟು, ಹೇಳದೆ ಬಿಡುವುದೆಷ್ಟು

ಹೊಸ ಕಾರು ನೋಡಲು ಹೋದವರಿಗೆ ಶೋರೂಮಿನಲ್ಲಿ ಒಪ್ಪಿಸುವ ಫೀಚರ್‌ಗಳ ಪಟ್ಟಿಯಲ್ಲಿ ಈಗ ಟಿಪಿಎಂಎಸ್, ಅಂದರೆ ಟೈರಿನ ಗಾಳಿಯ ಮೇಲೆ ಕಣ್ಣಿಟ್ಟು ಡ್ಯಾಶ್‌ಬೋರ್ಡಿನ ದೀಪ ಹತ್ತಿಸುವ ವ್ಯವಸ್ಥೆ ಕೂಡ ಇರುತ್ತದೆ. 'ಟೈರಲ್ಲಿ ಗಾಳಿ ಕಡಿಮೆಯಾದ್ರೆ ಗಾಡಿನೇ ಹೇಳುತ್ತೆ ಸಾರ್' ಎಂದು ಸೇಲ್ಸ್‌ನವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಆ ಮಾತು ನಿಜ. ಆದರೆ ಎಷ್ಟು ಕಡಿಮೆಯಾದಾಗ ಹೇಳುತ್ತದೆ, ಎಷ್ಟು ಹೊತ್ತಿಗೆ ಹೇಳುತ್ತದೆ, ಯಾವಾಗ ಹೇಳದೆ ಸುಮ್ಮನಿದ್ದುಬಿಡುತ್ತದೆ ಎಂಬುದನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಹಾಗಾಗಿ ಎಷ್ಟೋ ಜನ ಗೇಜ್ ಹಿಡಿಸುವ ಅಭ್ಯಾಸವನ್ನೇ ಬಿಟ್ಟಿದ್ದಾರೆ. ದೀಪ ಹತ್ತಿಲ್ಲ ಅಂದರೆ ಗಾಳಿ ಸರಿಯಿದೆ ಎಂದು ನಂಬಿ ಹೆದ್ದಾರಿಗೆ ಇಳಿಯುತ್ತಾರೆ. ಈ ನಂಬಿಕೆ ತಪ್ಪು, ಮಕ್ಕಳು ಮರಿ ಕೂರಿಸಿಕೊಂಡು ಹೋಗುವವರಿಗೆ ಅಪಾಯಕಾರಿ ಕೂಡ.

ಒಂದು ಲೆಕ್ಕ ನೋಡಿ. ನಿಮ್ಮ ಕಾರಿಗೆ ಕಂಪನಿ ಹೇಳಿರುವ ಗಾಳಿ 33 ಪಿಎಸ್‌ಐ ಎಂದಿಟ್ಟುಕೊಳ್ಳೋಣ. ಅಮೆರಿಕದ ನಿಯಮದ ಪ್ರಕಾರ ಈ ವ್ಯವಸ್ಥೆ ಎಚ್ಚರಿಸಲೇಬೇಕಾದದ್ದು ಗಾಳಿ ಶೇ 25ರಷ್ಟು ಇಳಿದ ಮೇಲೆ, ಅಂದರೆ 25 ಪಿಎಸ್‌ಐ ಹತ್ತಿರ. ಯುರೋಪಿನ ನಿಯಮ ಕೊಂಚ ಬಿಗಿ, ಅಲ್ಲಿ ಶೇ 20, ಅಂದರೆ 26 ಚಿಲ್ಲರೆ. ಹಾಗಾದರೆ 28ಕ್ಕೆ ಇಳಿದ ಟೈರಿನ ಗತಿ? ನಿಯಮದ ಪ್ರಕಾರ ದೀಪ ಹತ್ತಲೇಬೇಕೆಂದಿಲ್ಲ. ಆದರೆ ಅಷ್ಟು ಹೊತ್ತಿಗಾಗಲೇ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಹೆಚ್ಚು ಬಾಗಿ ಏಳುತ್ತಿರುತ್ತದೆ, ರಬ್ಬರ್ ಬಿಸಿಯಾಗುತ್ತಿರುತ್ತದೆ, ಎರಡೂ ಅಂಚುಗಳು ಬೇಗ ಸವೆಯುತ್ತಿರುತ್ತವೆ, ಮೈಲೇಜೂ ಇಳಿದಿರುತ್ತದೆ. ರೇಡಿಯಲ್ ಟೈರ್ 33ರಲ್ಲಿದ್ದರೂ 27ರಲ್ಲಿದ್ದರೂ ಕಣ್ಣಿಗೆ ಹೆಚ್ಚುಕಡಿಮೆ ಒಂದೇ ಥರ ಕಾಣುವುದರಿಂದ ಬೂಟ್‌ಕಾಲಲ್ಲಿ ಒದ್ದು ನೋಡಿದರೂ ಏನೂ ಗೊತ್ತಾಗುವುದಿಲ್ಲ.

ಹೊತ್ತಿನ ಲೆಕ್ಕವೂ ಇದೆ. ಗಾಳಿ ಆ ಮಿತಿಗೆ ಇಳಿದ ಮೇಲೆ ದೀಪ ಹತ್ತಿಸಲು ಅಮೆರಿಕದ ನಿಯಮ ಕೊಡುವ ಗಡುವು 20 ನಿಮಿಷ. ಮೈಸೂರು ಹೆದ್ದಾರಿಯಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ 20 ನಿಮಿಷ ಅಂದರೆ 33 ಕಿ.ಮೀ. ಕೆಂಗೇರಿ ಬಿಟ್ಟವರು ರಾಮನಗರ ಸಮೀಪಿಸಿರುತ್ತಾರೆ. ಹೆಚ್ಚಿನ ಕಾರುಗಳು ಇದಕ್ಕಿಂತ ಬೇಗ ಹೇಳುತ್ತವೆ ಎನ್ನುವುದು ಬೇರೆ ಮಾತು. ಆದರೆ ಈ ದೀಪದಿಂದ ಕಾನೂನು ಬಯಸಿದ್ದು ಅಷ್ಟೇ: ಟೈರು ತೀರಾ ಸೋತಾಗ ಒಂದು ಕೂಗು.

ಕಾನೂನು ಹುಟ್ಟಿದ ಸಂದರ್ಭವೇ ಅಂಥದ್ದು. 1990ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಫೋರ್ಡ್ ಎಕ್ಸ್‌ಪ್ಲೋರರ್ ಗಾಡಿಗಳ ಫೈರ್‌ಸ್ಟೋನ್ ಟೈರುಗಳ ಮೇಲ್ಪದರ ಓಡುತ್ತಿರುವಾಗಲೇ ಕಿತ್ತು ಬಂದು, ಗಾಡಿಗಳು ಮಗುಚಿ ಬೀಳತೊಡಗಿದವು. ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ಈ ಟೈರುಗಳಿಗೆ ತಳಕು ಹಾಕಿದ ಸಾವುಗಳು 271. ಟೈರಿನ ತಯಾರಿಕೆಯ ದೋಷದ ಜೊತೆಗೆ, ಆ ಗಾಡಿಗೆ ಸೂಚಿಸಿದ್ದ 26 ಪಿಎಸ್‌ಐ ಗಾಳಿಯೂ ವಿವಾದಕ್ಕೆ ಸಿಕ್ಕಿತು. 2000ದ ನವೆಂಬರಿನಲ್ಲಿ, ಗಾಳಿ ಇಳಿದರೆ ಎಚ್ಚರಿಸುವ ವ್ಯವಸ್ಥೆ ಬೇಕೆನ್ನುವ ಟ್ರೆಡ್ ಕಾಯ್ದೆ ಬಂತು. ಅದರಡಿ 2002ರಲ್ಲಿ ಮಾಡಿದ ಮೊದಲ ನಿಯಮ, ಒಂದು ಟೈರ್ ಇಳಿದರೆ ಗುರುತಿಸಬಲ್ಲ ಆದರೆ ನಾಲ್ಕೂ ಒಟ್ಟಿಗೆ ಇಳಿದರೆ ಗುರುತಿಸಲಾಗದ ಅಗ್ಗದ ವ್ಯವಸ್ಥೆಗೂ ದಾರಿ ಬಿಟ್ಟಿತ್ತು. ಪಬ್ಲಿಕ್ ಸಿಟಿಜನ್ ಎಂಬ ಗ್ರಾಹಕ ಸಂಘಟನೆ ಕೋರ್ಟಿಗೆ ಹೋಯಿತು. 2003ರಲ್ಲಿ ಕೋರ್ಟ್ ಆ ನಿಯಮವನ್ನು ತಳ್ಳಿಹಾಕಿತು. 2005ರಲ್ಲಿ ಬಿಗಿಯಾದ ನಿಯಮ ಬಂದು, 2007ರ ಸೆಪ್ಟೆಂಬರಿನಿಂದ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಯುರೋಪಿನಲ್ಲಿ 2014ರ ನವೆಂಬರಿನಿಂದ. ತಂತ್ರಜ್ಞಾನ ಮಾತ್ರ ಅದಕ್ಕಿಂತ ಹಳೆಯದು. 1986ರ ಪೋರ್ಷೆ 959 ಕಾರಿನಲ್ಲೇ ಇತ್ತು.

ನಮ್ಮಲ್ಲಿ ಕಾರುಗಳಿಗೆ ಇದು ಕಡ್ಡಾಯವಲ್ಲ. ಆದರೆ 2020ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಮೋಟಾರು ವಾಹನ ನಿಯಮಗಳಿಗೆ ಮಾಡಿದ ತಿದ್ದುಪಡಿ ಗಮನಿಸಬೇಕಾದದ್ದು. ಒಟ್ಟು ತೂಕ 3.5 ಟನ್ ಒಳಗಿನ ಗಾಡಿಗೆ ಟ್ಯೂಬ್‌ಲೆಸ್ ಟೈರ್, ಟಿಪಿಎಂಎಸ್ ಮತ್ತು ಪಂಕ್ಚರ್ ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕೊಡಲೇಬೇಕಿಲ್ಲ. ಸ್ಟೆಪ್ನಿ ಇಲ್ಲದ ಕಾರು ಕೊಂಡಿದ್ದರೆ ಈ ದೀಪದ ಮೇಲೆ ನಿಮ್ಮ ಭಾರ ಇನ್ನೂ ಹೆಚ್ಚು. ಅದರ ಗುಣದೋಷ ತಿಳಿಯಲು ಅದೇ ಕಾರಣ ಸಾಕು.

ಚಕ್ರದೊಳಗೆ ಕೂತ ಸೆನ್ಸರ್

ಟಿಪಿಎಂಎಸ್‌ನಲ್ಲಿ ಎರಡು ಜಾತಿ. ನಿಮ್ಮ ಕಾರಿನಲ್ಲಿರುವುದು ಯಾವುದು ಎಂದು ತಿಳಿಯಲು ಸುಲಭದ ಗುರುತು ಒಂದಿದೆ. ಡ್ಯಾಶ್‌ಬೋರ್ಡಿನಲ್ಲಿ ನಾಲ್ಕೂ ಟೈರಿನ ಗಾಳಿ ಅಂಕಿಯಲ್ಲಿ ಕಂಡರೆ ಅದು ನೇರ ಅಳತೆಯದು. ಬರೀ ದೀಪ ಮಾತ್ರ, ಜೊತೆಗೆ ಮೆನುವಿನಲ್ಲೋ ಬಟನ್ನಿನಲ್ಲೋ 'ಸೆಟ್' ಎಂಬ ಆಯ್ಕೆ ಇದ್ದರೆ ಬಹುಪಾಲು ಪರೋಕ್ಷ ಅಳತೆಯದು. ಅನುಮಾನವಿದ್ದರೆ ಕಾರಿನ ಜೊತೆ ಬಂದ ಮಾಲೀಕರ ಕೈಪಿಡಿ ತೆರೆಯಿರಿ, ಅದರಲ್ಲಿ ಸ್ಪಷ್ಟವಾಗಿ ಬರೆದಿರುತ್ತದೆ.

ನೇರ ಅಳತೆಯ ವ್ಯವಸ್ಥೆಯಲ್ಲಿ ಪ್ರತಿ ಚಕ್ರದ ಒಳಗೂ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಹೊರಗೆ ನಮಗೆ ಕಾಣುವ ಗಾಳಿ ವಾಲ್ವಿನ ಬುಡಕ್ಕೆ, ರಿಮ್ಮಿನ ಒಳಮೈಗೆ ಅಂಟಿಕೊಂಡಂತೆ ಅದು ಕೂತಿರುತ್ತದೆ. ಗಾಳಿಯ ಒತ್ತಡ, ಒಳಗಿನ ಬಿಸಿ ಎರಡನ್ನೂ ಅಳೆದು, ತನ್ನದೇ ಗುರುತಿನ ಸಂಖ್ಯೆಯ ಜೊತೆಗೆ ರೇಡಿಯೋ ತರಂಗದಲ್ಲಿ ಕಾರಿನ ಕಂಪ್ಯೂಟರಿಗೆ ಕಳಿಸುತ್ತದೆ. ನಮ್ಮಲ್ಲಿ, ಯುರೋಪಿನಲ್ಲಿ 433 ಮೆಗಾಹರ್ಟ್ಸ್, ಅಮೆರಿಕದಲ್ಲಿ ಹೆಚ್ಚಾಗಿ 315. ಹಾಗಾಗಿ ಹೊರದೇಶದ ಸೆನ್ಸರನ್ನು ಆನ್‌ಲೈನಿನಲ್ಲಿ ಅಗ್ಗಕ್ಕೆ ತರಿಸಿದರೆ ನಮ್ಮ ಗಾಡಿಗೆ ಅದರ ಮಾತು ಕೇಳಿಸದೇ ಹೋಗಬಹುದು.

ಸೆನ್ಸರಿನೊಳಗಿನ ಬ್ಯಾಟರಿಯನ್ನು ರಾಳದೊಳಗೆ ಹುದುಗಿಸಿ ಸೀಲ್ ಮಾಡಿರುತ್ತಾರೆ. ಬ್ಯಾಟರಿ ಮಾತ್ರ ಬದಲಿಸುವ ಹಾಗಿಲ್ಲ, ಸುಮಾರು ಐದರಿಂದ ಹತ್ತು ವರ್ಷ ಬಾಳಿ ಮುಗಿದಾಗ ಇಡೀ ಸೆನ್ಸರನ್ನೇ ಬದಲಿಸಬೇಕು. ಬ್ಯಾಟರಿ ಉಳಿಸಲೆಂದೇ ಗಾಡಿ ನಿಂತಾಗ ಅದು ನಿದ್ದೆಗೆ ಜಾರುತ್ತದೆ, ಚಕ್ರ ಉರುಳಿ ಗಂಟೆಗೆ ಇಪ್ಪತ್ತು ಮೂವತ್ತು ಕಿ.ಮೀ. ವೇಗ ಬಂದಾಗ ಎಚ್ಚರಗೊಳ್ಳುತ್ತದೆ. ರಾತ್ರಿಯೆಲ್ಲ ಗಾಳಿ ಇಳಿದು ಬೆಳಗ್ಗೆ ಟೈರ್ ಚಪ್ಪಟೆಯಾಗಿದ್ದರೂ, ಗಾಡಿ ಶುರು ಮಾಡಿದ ಕ್ಷಣ ಎಷ್ಟೋ ಕಾರುಗಳು ನಿನ್ನೆಯ ಅಂಕಿಯನ್ನೇ ತೋರಿಸುತ್ತವೆ, ಇಲ್ಲವೇ ಅಂಕಿಯ ಜಾಗದಲ್ಲಿ ಬರೀ ಗೆರೆ. ಹೊರಡುವ ಮುನ್ನ ಒಮ್ಮೆ ಗಾಡಿಯ ಸುತ್ತ ಬರುವ ಹಳೇ ಡ್ರೈವರುಗಳ ಪದ್ಧತಿಗೆ ಇಂದಿಗೂ ಬೆಲೆಯಿದೆ.

ಈ ಸೆನ್ಸರಿಗೆ ದೊಡ್ಡ ಗಂಡಾಂತರ ಇರುವುದು ಪಂಕ್ಚರ್ ಅಂಗಡಿಯಲ್ಲಿ. ಟೈರನ್ನು ರಿಮ್ಮಿನಿಂದ ಬಿಡಿಸಲು ಮೆಷಿನ್ನಿನ ಅಗಲವಾದ ಬ್ಲೇಡು ಟೈರಿನ ಅಂಚನ್ನು ಒತ್ತುತ್ತದೆ. ಅದು ವಾಲ್ವಿನ ಪಕ್ಕದಲ್ಲೇ ಒತ್ತಿದರೆ ಒಳಗಿನ ಪ್ಲಾಸ್ಟಿಕ್ ಡಬ್ಬಿ ಟಕ್ಕನೆ ಒಡೆಯುತ್ತದೆ. ಸಬ್ಬಲ್ಲಿನಂಥ ಲಿವರ್ ಹಾಕಿ ಕೈಯಲ್ಲೇ ಬಿಡಿಸುವ ಕಡೆಯಂತೂ ಇನ್ನೂ ಹುಷಾರಾಗಿರಬೇಕು. ಒಡೆದರೆ ಹೊಸ ಸೆನ್ಸರಿಗೆ, ಅದನ್ನು ಕಾರಿಗೆ ಪರಿಚಯಿಸುವ ಕೆಲಸಕ್ಕೆ ಸಾವಿರಗಳ ಲೆಕ್ಕದಲ್ಲಿ ಹಣ ಕೊಡಬೇಕು. ಗಾಡಿ ಇಳಿದ ಕೂಡಲೇ 'ಅಣ್ಣಾ, ವಾಲ್ವ್ ಹತ್ರ ಒಳಗೆ ಸೆನ್ಸರ್ ಇದೆ, ಆ ಕಡೆ ಬ್ಲೇಡ್ ಕೊಡ್ಬೇಡಿ' ಎಂದು ಹೇಳಿಬಿಡಿ. ಪಂಕ್ಚರ್ ರಿಪೇರಿ ಕಿಟ್‌ನಲ್ಲಿ ಬರುವ ಅಂಟು ದ್ರವವನ್ನು ಟೈರಿಗೆ ತುಂಬುವ ಮುನ್ನವೂ ಕೈಪಿಡಿ ನೋಡಿ. ಕೆಲವು ದ್ರವಗಳು ಸೆನ್ಸರಿನ ಸಣ್ಣ ರಂಧ್ರವನ್ನೇ ಮುಚ್ಚಿಬಿಡುತ್ತವೆ. ಟೈರ್ ರೊಟೇಷನ್ ಮಾಡಿಸಿದ ಮೇಲೆ ಯಾವ ಸೆನ್ಸರ್ ಯಾವ ಮೂಲೆಗೆ ಬಂತು ಎಂದು ಕೆಲವು ಕಾರುಗಳು ತಾವೇ ಕಲಿಯುತ್ತವೆ, ಕೆಲವಕ್ಕೆ ಕಲಿಸಬೇಕು. ಕಲಿಸದಿದ್ದರೆ ಹಿಂದಿನ ಎಡ ಟೈರ್ ಇಳಿದಾಗ ಮುಂದಿನ ಎಡ ಟೈರಿನ ಹೆಸರು ಹೇಳುತ್ತದೆ.

ಬೆಂಗಳೂರಿನವರಿಗೆ ಒಂದು ವಿಶೇಷ ಮಾತು. 'ಬಂಕಿನ ಗೇಜ್ 33 ಅನ್ನುತ್ತೆ, ಗಾಡಿ 32 ತೋರಿಸುತ್ತೆ, ಯಾವುದನ್ನ ನಂಬೋದು?' ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಗೇಜಿನ ತಪ್ಪೇ ಇರಬಹುದು. ಆದರೆ ಇನ್ನೊಂದು ಕಾರಣವೂ ಉಂಟು. ಗೇಜ್ ಅಳೆಯುವುದು ಟೈರಿನ ಒಳಗಿನ ಒತ್ತಡಕ್ಕೂ ಹೊರಗಿನ ವಾಯುಭಾರಕ್ಕೂ ಇರುವ ವ್ಯತ್ಯಾಸವನ್ನು. ಚಕ್ರದೊಳಗೆ ಮುಚ್ಚಿಕೊಂಡು ಕೂತ ಸೆನ್ಸರಿಗೆ ಹೊರಗಿನ ವಾಯುಭಾರ ತಿಳಿಯದು. ಅದು ಪೂರ್ಣ ಒತ್ತಡವನ್ನು ಅಳೆಯುತ್ತದೆ, ಕಾರಿನ ಕಂಪ್ಯೂಟರ್ ಅದರಿಂದ ವಾಯುಭಾರ ಕಳೆಯುತ್ತದೆ. ಕಳೆಯುವಾಗ ಸಮುದ್ರಮಟ್ಟದ 14.7 ಪಿಎಸ್‌ಐ ಎಂದೇ ಹಿಡಿಯುವ ಕಾರುಗಳಿವೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ವಾಯುಭಾರ ಸುಮಾರು 13.2. ಅಲ್ಲಿಗೆ ಸುಮಾರು 1.5 ಪಿಎಸ್‌ಐ ಕಡಿಮೆ ಕಾಣುತ್ತದೆ. ಅದೇ ಕಾರು ಮಂಗಳೂರಿಗೆ ಇಳಿದರೆ ಗೇಜೂ ಗಾಡಿಯೂ ಒಂದೇ ಅಂಕಿ ಹೇಳಬಹುದು. ಒಂದೂವರೆ ಪಿಎಸ್‌ಐ ವ್ಯತ್ಯಾಸಕ್ಕೆ ಸರ್ವಿಸ್ ಸೆಂಟರಿನಲ್ಲಿ ಜಗಳಕ್ಕೆ ನಿಲ್ಲುವುದು ಬೇಡ. ಒಂದು ಒಳ್ಳೆಯ ಗೇಜ್ ಸ್ವಂತಕ್ಕೆ ಇಟ್ಟುಕೊಳ್ಳಿ, ತುಂಬಿಸುವಾಗ ಅದರ ಮಾತನ್ನೇ ಕೇಳಿ.

ಸೆನ್ಸರಿಲ್ಲದೆ ಊಹಿಸುವ ವ್ಯವಸ್ಥೆ

ಪರೋಕ್ಷ ವ್ಯವಸ್ಥೆಯಲ್ಲಿ ಟೈರಿನೊಳಗೆ ಏನೂ ಇರುವುದಿಲ್ಲ. ಎಬಿಎಸ್ ಬ್ರೇಕಿಗಾಗಿ ಪ್ರತಿ ಚಕ್ರದ ವೇಗ ಅಳೆಯುವ ಸೆನ್ಸರ್ ಹೇಗೂ ಇರುತ್ತದೆ. 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯ. ಅದೇ ಮಾಹಿತಿಯಿಂದ ಗಾಳಿಯನ್ನು ಊಹಿಸುತ್ತಾರೆ. 16 ಇಂಚಿನ ಸಾಮಾನ್ಯ ಚಕ್ರ ಕಿಲೋಮೀಟರಿಗೆ ಸುಮಾರು 500 ಸುತ್ತು ಉರುಳುತ್ತದೆ. ಗಾಳಿ ಇಳಿದ ಟೈರಿನ ಸುತ್ತಳತೆ ಕೂದಲೆಳೆಯಷ್ಟು ಕುಗ್ಗುವುದರಿಂದ ಅದೇ ದೂರಕ್ಕೆ ಅದು ಒಂದೆರಡು ಸುತ್ತು ಹೆಚ್ಚು ತಿರುಗುತ್ತದೆ. ಉಳಿದ ಮೂರು ಚಕ್ರಗಳ ಜೊತೆ ಹೋಲಿಸಿ ಕಂಪ್ಯೂಟರ್ ಈ ವ್ಯತ್ಯಾಸ ಹಿಡಿಯುತ್ತದೆ. ಹೊಸ ತಲೆಮಾರಿನವು ಚಕ್ರದ ಸೂಕ್ಷ್ಮ ಕಂಪನವನ್ನೂ ಗಮನಿಸುತ್ತವೆ, ಗಾಳಿ ಕಡಿಮೆಯಾದ ಹಾಗೆ ಕಂಪನದ ಲಯ ಬದಲಾಗುತ್ತದೆ. ಬುದ್ಧಿವಂತಿಕೆಯ ಕೆಲಸವೇ. ಬ್ಯಾಟರಿ ಸಾಯುವ ಚಿಂತೆಯಿಲ್ಲ, ಪಂಕ್ಚರ್ ಅಂಗಡಿಯಲ್ಲಿ ಒಡೆಯುವ ಭಯವೂ ಇಲ್ಲ.

ಆದರೆ ಹೋಲಿಕೆಯೇ ಇದರ ಬಲ, ಹೋಲಿಕೆಯೇ ಇದರ ದೌರ್ಬಲ್ಯ. ಯಾವ ಪಂಕ್ಚರೂ ಇಲ್ಲದ ಟೈರಿನಿಂದಲೂ ತಿಂಗಳಿಗೆ ಒಂದೆರಡು ಪಿಎಸ್‌ಐ ಗಾಳಿ ತಾನಾಗಿ ಸೋರುತ್ತದೆ. ನಾಲ್ಕು ತಿಂಗಳು ಗಾಳಿ ಹಿಡಿಸದಿದ್ದರೆ ನಾಲ್ಕೂ ಟೈರು ಸಮಸಮವಾಗಿ ಇಳಿದಿರುತ್ತವೆ. ನಾಲ್ಕೂ ಸಮನಾಗಿ ಇಳಿದರೆ ಹೋಲಿಸುವುದಾದರೂ ಯಾವುದರ ಜೊತೆ? ಹಳೆಯ ವ್ಯವಸ್ಥೆಗಳು ಇಲ್ಲಿ ಪೂರ್ತಿ ಕುರುಡು. ಕಂಪನ ನೋಡುವ ಹೊಸವು ಕೊಂಚ ಮೇಲು, ಆದರೆ ನಿಧಾನ. ಅಮೆರಿಕದ ಕೋರ್ಟು ಹಿಡಿದ ಹುಳುಕು ಇದೇ. ಘಟ್ಟದ ತಿರುವು, ಜಲ್ಲಿ ರಸ್ತೆ, ಗುಂಡಿ ರಸ್ತೆಗಳಲ್ಲಿ ಲೆಕ್ಕ ಕೂಡದೆ ಪರೋಕ್ಷ ವ್ಯವಸ್ಥೆ ತೀರ್ಪು ಮುಂದೂಡುತ್ತದೆ. ಒಂದೇ ಒಂದು ಹೊಸ ಟೈರ್ ಹಾಕಿಸಿ ಉಳಿದ ಮೂರು ಸವೆದಿದ್ದರೆ, ಅಥವಾ ಸಣ್ಣ ಅಳತೆಯ ಸ್ಟೆಪ್ನಿ ಹಾಕಿ ಓಡಿಸಿದರೆ ಸುಮ್ಮಸುಮ್ಮನೆ ದೀಪ ಹತ್ತಬಹುದು.

ಎಲ್ಲಕ್ಕಿಂತ ಅಪಾಯದ್ದು ಆ 'ಸೆಟ್' ಬಟನ್. ಅದನ್ನು ಒತ್ತಿದಾಗ ನಾವು ಕಾರಿಗೆ ಹೇಳುವುದು: ಈಗ ಟೈರಿನಲ್ಲಿರುವ ಗಾಳಿಯೇ ಸರಿಯಾದ ಗಾಳಿ, ಇದರಿಂದ ಇಳಿದರೆ ತಿಳಿಸು. ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ಹಿಡಿಸಿದ ಮೇಲೆ ಒತ್ತಬೇಕಾದ ಬಟನ್ ಅದು. ದೀಪ ಕಿರಿಕಿರಿ ಮಾಡುತ್ತಿದೆ ಎಂದು ಗಾಳಿ ನೋಡದೆ ಒತ್ತಿದರೆ 26 ಪಿಎಸ್‌ಐ ಅನ್ನೇ ಅದು ಸರಿ ಎಂದು ಕಲಿತುಬಿಡುತ್ತದೆ. ಮುಂದಿನ ಎಚ್ಚರಿಕೆ ಬರುವುದು 20ರ ಹತ್ತಿರ, ಅಷ್ಟೊತ್ತಿಗೆ ಟೈರ್ ಹಾಳಾಗಿರುತ್ತದೆ. ಮನೆಯಲ್ಲಿ ಗಾಡಿ ಓಡಿಸುವ ಎಲ್ಲರಿಗೂ, ಬಾಡಿಗೆ ಡ್ರೈವರಿಗೂ ಇದನ್ನು ತಿಳಿಸಿಡಿ. ಗಾಳಿ ಹಿಡಿಸಿದಾಗ, ಟೈರ್ ಬದಲಿಸಿದಾಗ, ರೊಟೇಷನ್ ಮಾಡಿಸಿದಾಗ ಮಾತ್ರ ಸೆಟ್ ಮಾಡಬೇಕು.

ಯಾವ ದೀಪಕ್ಕೂ ತಿಳಿಯದ ಸಂಗತಿಗಳು

ಗುಂಡಿಗೆ ಬಿದ್ದು ಪಕ್ಕದಲ್ಲಿ ಎದ್ದ ಉಬ್ಬು, ಕಲ್ಲು ಸೀಳಿದ ಗಾಯ, ಬಿಸಿಲಲ್ಲಿ ಒಣಗಿ ಬಿರಿದ ರಬ್ಬರ್, 1.6 ಮಿಲಿಮೀಟರಿಗಿಂತ ಕಡಿಮೆ ಉಳಿಯುವಷ್ಟು ಸವೆದ ಪಟ್ಟಿ, ಇವಾವುದೂ ಟಿಪಿಎಂಎಸ್‌ಗೆ ಕಾಣುವುದಿಲ್ಲ. ಉಬ್ಬಿದ ಟೈರಿನಲ್ಲಿ ಸಿಡಿಯುವ ಹಿಂದಿನ ಕ್ಷಣದವರೆಗೂ ಗಾಳಿ ಸರಿಯಾಗಿಯೇ ಇರಬಹುದು. ದಿಢೀರ್ ಸಿಡಿತಕ್ಕೆ ಈ ದೀಪ ಮುನ್ಸೂಚನೆ ಕೊಡಲಾರದು. ಟೈರಿನ ವಯಸ್ಸನ್ನು ಪಕ್ಕದಲ್ಲಿ ಅಚ್ಚಾದ ನಾಲ್ಕಂಕಿಯಿಂದ ನಾವೇ ಓದಬೇಕು: 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು.

ಗಾಡಿಯಲ್ಲಿ ಎಷ್ಟು ಜನ ಇದ್ದಾರೆ ಎಂಬುದೂ ಅದಕ್ಕೆ ಗೊತ್ತಿಲ್ಲ. ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿ ಎಷ್ಟೋ ಕಾರುಗಳಿಗೆ ಎರಡು ಲೆಕ್ಕ ಬರೆದಿರುತ್ತದೆ, ಇಬ್ಬರು ಮೂವರಿಗೆ ಒಂದು, ತುಂಬಿದ ಗಾಡಿಗೆ ಇನ್ನೊಂದು. ಧರ್ಮಸ್ಥಳಕ್ಕೆ ಐದು ಜನ ಲಗೇಜು ಸಮೇತ ಹೊರಟಾಗ ಎರಡನೆಯದನ್ನು ನೋಡಿ ತುಂಬಿಸಬೇಕು. ಟೈರಿನ ಮೇಲೇ ಬರೆದಿರುವ 44, 51ರಂಥ ಅಂಕಿ ಆ ಟೈರ್ ತಡೆಯುವ ಗರಿಷ್ಠ ಒತ್ತಡ, ಅಷ್ಟು ತುಂಬಿಸಬಾರದು.

ಇನ್ನು ಬಿಸಿ. ರಾಯಚೂರು, ಕಲಬುರಗಿ ಕಡೆಯ ಏಪ್ರಿಲ್ ಮಧ್ಯಾಹ್ನ, ದೂರದಿಂದ ಓಡಿ ಬಂದ ಟೈರಿನೊಳಗಿನ ಗಾಳಿ 60 ಡಿಗ್ರಿ ಮುಟ್ಟಿದೆ ಎನ್ನಿ. ಆಗ ಬಂಕಿನಲ್ಲಿ ಸರಿಯಾಗಿ 33 ತುಂಬಿಸಿದರೆ, ಮರುದಿನ ಬೆಳಗಿನ ಜಾವ 25 ಡಿಗ್ರಿಗೆ ತಣಿದಾಗ ಅದೇ ಟೈರಿನಲ್ಲಿ ಉಳಿಯುವುದು 28. ಹನಿ ಗಾಳಿಯೂ ಸೋರಿಲ್ಲ, ಅಳೆದ ಹೊತ್ತು ಮಾತ್ರ ತಪ್ಪು. ಚೀಟಿಯಲ್ಲಿರುವ ಅಂಕಿ ತಣ್ಣನೆಯ ಟೈರಿನದು, ಅಂದರೆ ಮೂರು ಗಂಟೆ ನಿಂತ ಅಥವಾ ಒಂದೆರಡು ಕಿ.ಮೀ. ಮಾತ್ರ ಓಡಿದ ಟೈರಿನದು. ಓಡುವಾಗ ಡ್ಯಾಶ್‌ಬೋರ್ಡಿನಲ್ಲಿ 37, 38 ಕಂಡಿತೆಂದು ಗಾಬರಿಯಾಗಿ ಗಾಳಿ ಬಿಡಬೇಡಿ. ಡಿಸೆಂಬರಿನ ಚಳಿಯಲ್ಲಿ ಬೆಳಗ್ಗೆ ಹತ್ತಿದ ದೀಪ ಹತ್ತು ಕಿ.ಮೀ. ಹೋದ ಮೇಲೆ ಆರಿದರೆ ಟೈರ್ ಸರಿಹೋಯಿತೆಂದು ತಿಳಿಯಬೇಡಿ. ಬಿಸಿಯಿಂದ ಒತ್ತಡ ಏರಿದೆಯೇ ಹೊರತು ಗಾಳಿ ಕಡಿಮೆಯೇ ಇದೆ. ನೈಟ್ರೋಜನ್ ತುಂಬಿಸಿದವರಿಗೂ ಈ ಲೆಕ್ಕದಿಂದ ವಿನಾಯಿತಿಯಿಲ್ಲ.

ಟಿಪಿಎಂಎಸ್ ಇಲ್ಲದ ಹಳೇ ಕಾರಿಗೆ ಹೊರಗಿನಿಂದ ಹಾಕಿಸಬಹುದೇ? ಹಾಕಿಸಬಹುದು, ನನ್ನ ಮಟ್ಟಿಗೆ ಹಾಕಿಸುವುದು ಒಳ್ಳೆಯದೇ. ವಾಲ್ವಿನ ಮುಚ್ಚಳದ ಜಾಗಕ್ಕೆ ತಿರುಗಿಸುವ ಸೆನ್ಸರ್, ಬಿಸಿಲಿನಿಂದ ಚಾರ್ಜ್ ಆಗುವ ಸಣ್ಣ ಡಿಸ್‌ಪ್ಲೇ, ಇಷ್ಟೇ ಸಾಮಾನು. ಬ್ಯಾಟರಿ ನಾವೇ ಬದಲಿಸಬಹುದು. ಆದರೆ ಈ ಮುಚ್ಚಳ ಒಳಗಿನ ವಾಲ್ವ್ ಪಿನ್ನನ್ನು ಸದಾ ಒತ್ತಿ ಹಿಡಿದಿರುತ್ತದೆ, ಗಾಳಿ ತಡೆಯುವುದು ಮುಚ್ಚಳದೊಳಗಿನ ರಬ್ಬರ್ ವಾಷರ್ ಒಂದೇ. ವಾಷರ್ ಸವೆದರೆ ಕಾವಲಿಗೆ ಇಟ್ಟದ್ದೇ ಸೋರಿಕೆಗೆ ದಾರಿ. ಹಾಕಿಸಿದ ದಿನ ಸೋಪಿನ ನೀರು ಬಿಟ್ಟು ಗುಳ್ಳೆ ಬರುತ್ತದೆಯೇ ನೋಡಿ, ಹಳೇ ರಬ್ಬರ್ ವಾಲ್ವ್ ಇದ್ದರೆ ಅದನ್ನೂ ಬದಲಿಸಿಕೊಳ್ಳಿ.

ದೀಪ ಹತ್ತಿದಾಗ

ಗಾಡಿ ಶುರು ಮಾಡಿದಾಗ ದೀಪ ಒಂದು ಒಂದೂವರೆ ನಿಮಿಷ ಮಿನುಗಿ, ಆಮೇಲೆ ಹತ್ತಿಕೊಂಡೇ ಉಳಿದರೆ ಸಾಮಾನ್ಯವಾಗಿ ವ್ಯವಸ್ಥೆಯೇ ಕೆಟ್ಟಿದೆ ಎಂದರ್ಥ: ಸೆನ್ಸರಿನ ಬ್ಯಾಟರಿ ಮುಗಿದಿದೆ, ಇಲ್ಲವೇ ಸಂಪರ್ಕ ತಪ್ಪಿದೆ. ಆಗ ಗಾಳಿ ಇಳಿದರೂ ಅದು ಹೇಳಲಾರದು. ಮಿನುಗದೆ ನೇರವಾಗಿ ಹತ್ತಿದರೆ ಗಾಳಿಯದೇ ತೊಂದರೆ.

ಹೆದ್ದಾರಿಯಲ್ಲಿ ಹತ್ತಿದರೆ ಬ್ರೇಕ್ ಅದುಮಬೇಡಿ, ಸ್ಟೀರಿಂಗ್ ಎಳೆಯಬೇಡಿ. ಆಕ್ಸಿಲರೇಟರಿನಿಂದ ಕಾಲು ತೆಗೆದು, ನಿಧಾನಕ್ಕೆ ಎಡಕ್ಕೆ ಬಂದು, ಹಜಾರ್ಡ್ ಲೈಟ್ ಹಾಕಿ, ಟ್ರಾಫಿಕ್ಕಿನಿಂದ ದೂರ ನಿಲ್ಲಿಸಿ. ಜೊತೆಗಿರುವವರನ್ನು ರಸ್ತೆಯ ಕಡೆಯ ಬಾಗಿಲಿನಿಂದ ಇಳಿಸಬೇಡಿ. ಗಾಳಿ 25ರ ಆಸುಪಾಸಿನಲ್ಲಿದ್ದು ಇನ್ನೂ ಇಳಿಯುತ್ತಿಲ್ಲವಾದರೆ ನಿಧಾನವಾಗಿ ಹತ್ತಿರದ ಬಂಕಿಗೆ ಹೋಗಬಹುದು. 20ಕ್ಕಿಂತ ಕೆಳಗಿದ್ದರೆ ಅಲ್ಲೇ ಗಾಳಿ ತುಂಬಿಸಿ, ಇಲ್ಲವೇ ಸ್ಟೆಪ್ನಿ ಹಾಕಿ. ಗಾಳಿಯಿಲ್ಲದೆ ಒಂದಷ್ಟು ದೂರ ಓಡಿದ ಟೈರಿಗೆ ಹೊರಗಿನಿಂದ ಬತ್ತಿ ಹಾಕಿಸಿಕೊಂಡು ಹೊರಟುಬಿಡಬೇಡಿ. ರಿಮ್ಮಿನಿಂದ ಬಿಡಿಸಿ ಒಳಗೆ ನೋಡಿಸಿ. ಒಳಗೋಡೆಯ ಸುತ್ತ ಉಜ್ಜಿದ ಗುರುತು, ತಳದಲ್ಲಿ ಕಪ್ಪು ರಬ್ಬರಿನ ಪುಡಿ ಕಂಡರೆ ಆ ಟೈರಿನ ಪಕ್ಕದ ಗೋಡೆ ಜಜ್ಜಿ ಹೋಗಿದೆ. ಎಷ್ಟೇ ಹೊಸದಾದರೂ ಅದು ಬಳಕೆಗೆ ಬಾರದು.

ತಿಂಗಳಿಗೊಮ್ಮೆ ಬೆಳಗ್ಗೆ, ಮನೆಗೆ ಹತ್ತಿರದ ಬಂಕಿನಲ್ಲಿ, ಟೈರ್ ತಣ್ಣಗಿರುವಾಗ ಗಾಳಿ ಹಿಡಿಸಿ. ಗಾಳಿ ಹಿಡಿಯುವ ಹುಡುಗನಿಗೆ 'ನೋಡಪ್ಪಾ, ಎಷ್ಟಿದೆಯೋ ಹಾಕು' ಎನ್ನದೆ ಮುಂದಕ್ಕೆ ಇಷ್ಟು, ಹಿಂದಕ್ಕೆ ಇಷ್ಟು ಎಂದು ಅಂಕಿಯನ್ನೇ ಹೇಳಿ; ಇಲ್ಲದಿದ್ದರೆ ಮೆಷಿನ್ನಿನಲ್ಲಿ ಹಿಂದಿನ ಗಾಡಿಗೆ ಇಟ್ಟ ಅಂಕಿಯೇ ನಿಮ್ಮ ಟೈರಿಗೂ ಬೀಳುತ್ತದೆ. ಡಿಕ್ಕಿಯೊಳಗಿನ ಸ್ಟೆಪ್ನಿಗೆ ಬಹುತೇಕ ಯಾವ ಕಾರಿನಲ್ಲೂ ಸೆನ್ಸರ್ ಇರುವುದಿಲ್ಲ. ಮುಂದಿನ ಸಲ ಬಂಕಿಗೆ ಹೋದಾಗ ಲಗೇಜು ಎತ್ತಿಟ್ಟು ಅದಕ್ಕೂ ಗಾಳಿ ಹಿಡಿಸಿಕೊಂಡು ಬನ್ನಿ.